ಭಾರತದ ಮಾಲ್ಟ್ ಆಮದು: ಪ್ರವೃತ್ತಿಗಳು, ಸಾಗಣೆ ಮಾರ್ಗಗಳು ಮತ್ತು ಅರ್ಜಿದಾರರು ತಿಳಿದಿರಬೇಕಾದ ಅಂಶಗಳು

1. ಪೀಠಿಕೆ

ಮಾಲ್ಟ್ ಹಾಗೂ ಮಾಲ್ಟ್ ತಯಾರಿಕೆಗೆ ಬಳಸುವ ಬಾರ್ಲಿಯನ್ನು (ಜವೆಗೋಧಿ) ಹೊರದೇಶಗಳಿಂದ ತರಿಸಿಕೊಳ್ಳಲು ಇಚ್ಛಿಸುವ ಸಣ್ಣ ಉದ್ಯಮಿಗಳು, ಆಹಾರ ತಯಾರಕರು, ಕಿರು ಬ್ರೂವರಿಗಳ ಸನ್ನದುದಾರರು ಹಾಗೂ ಹೊಸದಾಗಿ ಆಮದು ವ್ಯವಹಾರ ಆರಂಭಿಸುವವರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಯಾವ ಸರಕು ಯಾವ ದೇಶದಿಂದ, ಯಾವ ಸಮುದ್ರ ಮಾರ್ಗವಾಗಿ, ಯಾವ ಬಂದರಿಗೆ ಬರುತ್ತದೆ ಎಂಬುದರ ಮೇಲೆಯೇ ಅರ್ಜಿದಾರರು ಪಡೆಯಬೇಕಾದ ಅನುಮತಿಗಳು, ತೆರಬೇಕಾದ ಸುಂಕ ಮತ್ತು ತಗಲುವ ಕಾಲ ನಿರ್ಧಾರವಾಗುತ್ತವೆ.

ಸರಕು ಬಂದರಿಗೆ ಬಂದಿಳಿದ ನಂತರ ಕಾಗದಪತ್ರಗಳನ್ನು ಹೊಂದಿಸಲು ತೊಡಗುವುದೇ ಸಣ್ಣ ಆಮದುದಾರರ ನಷ್ಟಕ್ಕೆ ಸಾಮಾನ್ಯವಾದ ಕಾರಣವಾಗಿದೆ. ಬಂದರಿನಲ್ಲಿ ನಿಂತ ಪ್ರತಿಯೊಂದು ದಿನಕ್ಕೂ ಬಾಡಿಗೆ ಮತ್ತು ವಿಳಂಬ ಶುಲ್ಕ ಬೆಳೆಯುತ್ತದೆ. ಅನುಮತಿ ದೊರೆಯದ ಸರಕನ್ನು ಹಿಂದಕ್ಕೆ ಕಳುಹಿಸಬೇಕಾಗಬಹುದು ಅಥವಾ ನಾಶಪಡಿಸಬೇಕಾಗಬಹುದು. ಆದ್ದರಿಂದ ಮಾರಾಟಗಾರರಿಗೆ ಮುಂಗಡ ಹಣ ಪಾವತಿಸುವ ಮುನ್ನವೇ ಈ ಪುಟವನ್ನು ಪೂರ್ಣವಾಗಿ ಓದಿಕೊಳ್ಳಲು ಕೋರಲಾಗಿದೆ.

2. ಮಾಲ್ಟ್ ಎಂದರೇನು

ಧಾನ್ಯವನ್ನು ನೀರಿನಲ್ಲಿ ನೆನೆಸಿ, ಮೊಳಕೆ ಬರಿಸಿ, ನಿಗದಿತ ಹಂತದಲ್ಲಿ ಬಿಸಿಗಾಳಿಯಿಂದ ಒಣಗಿಸಿದಾಗ ದೊರೆಯುವ ಪದಾರ್ಥವೇ ಮಾಲ್ಟ್. ಮೊಳಕೆಯೊಡೆಯುವಾಗ ಕಾಳಿನಲ್ಲಿ ಉಂಟಾಗುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಪರಿವರ್ತಿಸುವ ಶಕ್ತಿ ಹೊಂದಿರುತ್ತವೆ. ಬಿಯರ್, ಮಾಲ್ಟ್ ವಿಸ್ಕಿ, ಮಾಲ್ಟ್ ಆಧಾರಿತ ಪೌಷ್ಟಿಕ ಪಾನೀಯಗಳು, ಬಿಸ್ಕತ್ತು ಮತ್ತು ಬ್ರೆಡ್ ತಯಾರಿಕೆಯಲ್ಲಿ ಇದರ ಬಳಕೆಯಿದೆ. ನಮ್ಮ ರಾಜ್ಯದ ಮನೆಗಳಲ್ಲಿ ಚಿರಪರಿಚಿತವಾದ ರಾಗಿ ಮಾಲ್ಟ್ ತಯಾರಿಕೆಯೂ ಇದೇ ತತ್ವವನ್ನು ಆಧರಿಸಿದೆ. ಆದರೆ ಅಂತರರಾಷ್ಟ್ರೀಯ ವ್ಯಾಪಾರದಲ್ಲಿ ಮಾಲ್ಟ್ ಎಂದರೆ ಬಹುತೇಕ ಬಾರ್ಲಿ ಮಾಲ್ಟ್ ಎಂದೇ ಅರ್ಥ.

ಸಾಮಾನ್ಯವಾಗಿ ಒಂದು ಟನ್ ಮಾಲ್ಟ್ ತಯಾರಿಸಲು ಸುಮಾರು 1.25 ರಿಂದ 1.3 ಟನ್ ಬಾರ್ಲಿ ಬೇಕಾಗುತ್ತದೆ. ಒಣಗಿದ ಮಾಲ್ಟ್‌ನಲ್ಲಿ ತೇವಾಂಶ ಶೇ 4 ರಿಂದ 5 ರಷ್ಟು ಮಾತ್ರ ಇರುತ್ತದೆ. ಅದು ಬಾರ್ಲಿಗಿಂತ ಹಗುರವಾದುದರಿಂದ ಅಷ್ಟೇ ಅಳತೆಯ ಕಂಟೈನರ್‌ನಲ್ಲಿ ಕಡಿಮೆ ತೂಕ ಹಿಡಿಯುತ್ತದೆ. ಸಾಗಣೆ ವೆಚ್ಚವನ್ನು ಹೋಲಿಸುವಾಗ ಈ ಎರಡೂ ಅಂಶಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದು.

ಸೀಮಾಸುಂಕದ ಉದ್ದೇಶಕ್ಕಾಗಿ ಸರಕುಗಳನ್ನು ಈ ಕೆಳಕಂಡಂತೆ ವರ್ಗೀಕರಿಸಲಾಗಿದೆ:

(ಅ) ಬಾರ್ಲಿ ಕಾಳು – ಶೀರ್ಷಿಕೆ 1003
(ಆ) ಹುರಿಯದ ಮಾಲ್ಟ್ – ಉಪಶೀರ್ಷಿಕೆ 1107 10
(ಇ) ಹುರಿದ ಮಾಲ್ಟ್ – ಉಪಶೀರ್ಷಿಕೆ 1107 20
(ಈ) ಮಾಲ್ಟ್ ಸಾರ ಮತ್ತು ಅದರಿಂದ ತಯಾರಿಸಿದ ಕೆಲವು ಆಹಾರಗಳು – ಶೀರ್ಷಿಕೆ 1901
(ಉ) ಬಿಯರ್ – ಶೀರ್ಷಿಕೆ 2203

ಪುಡಿ ಮಾಡಿದ ಮಾಲ್ಟ್ ಹಾಗೂ ಮಾಲ್ಟ್ ಹಿಟ್ಟು ಸಹ ಶೀರ್ಷಿಕೆ 1107 ರಲ್ಲಿಯೇ ಬರುತ್ತವೆ. ಹಾಲಿನ ಪುಡಿ, ಸಕ್ಕರೆ ಮುಂತಾದವುಗಳನ್ನು ಬೆರೆಸಿ ಪಾನೀಯಕ್ಕೆ ಸಿದ್ಧಪಡಿಸಿದ ಪುಡಿ ಈ ಶೀರ್ಷಿಕೆಯಲ್ಲಿ ಬರುವುದಿಲ್ಲ. ಕಾಫಿಗೆ ಬದಲಾಗಿ ಬಳಸಲೆಂದು ಸಿದ್ಧಪಡಿಸಿದ ಹುರಿದ ಮಾಲ್ಟ್ ಸಹ ಇದರಿಂದ ಹೊರಗುಳಿಯುತ್ತದೆ. ಮಾರಾಟಗಾರರ ಬೆಲೆಪಟ್ಟಿಯಲ್ಲಿ ಕೇವಲ "ಮಾಲ್ಟ್" ಎಂದು ನಮೂದಾಗಿದ್ದರೆ ಸಾಲದು. ಯಾವ ಧಾನ್ಯದ್ದು, ಹುರಿದದ್ದೋ ಅಲ್ಲವೋ, ಇಡೀ ಕಾಳೋ ಪುಡಿಯೋ ಎಂಬ ವಿವರ ಇರತಕ್ಕದ್ದು.

3. ದೇಶೀಯ ಉತ್ಪಾದನೆ ಮತ್ತು ಆಮದಿನ ಅಗತ್ಯ

ಭಾರತವು ಮಾಲ್ಟ್‌ಗಾಗಿ ಸಂಪೂರ್ಣವಾಗಿ ಆಮದನ್ನು ಅವಲಂಬಿಸಿದ ದೇಶವಲ್ಲ. ರಾಜಸ್ಥಾನ, ಉತ್ತರ ಪ್ರದೇಶ, ಮಧ್ಯಪ್ರದೇಶ ಮತ್ತು ಹರಿಯಾಣ ರಾಜ್ಯಗಳಲ್ಲಿ ಬಾರ್ಲಿಯನ್ನು ಹಿಂಗಾರಿನಲ್ಲಿ ಬೆಳೆಯಲಾಗುತ್ತದೆ. ಅಕ್ಟೋಬರ್–ನವೆಂಬರ್‌ನಲ್ಲಿ ಬಿತ್ತನೆಯಾಗಿ ಮಾರ್ಚ್–ಏಪ್ರಿಲ್‌ನಲ್ಲಿ ಕೊಯ್ಲಾಗುತ್ತದೆ. 1960 ರ ದಶಕದಲ್ಲಿ ಸುಮಾರು 30 ಲಕ್ಷ ಹೆಕ್ಟೇರ್‌ಗಳಷ್ಟಿದ್ದ ಬಾರ್ಲಿ ಕ್ಷೇತ್ರವು, ನೀರಾವರಿ ವಿಸ್ತರಿಸಿ ಗೋಧಿ ಬೆಳೆ ಹರಡಿದಂತೆಲ್ಲ ಕುಗ್ಗುತ್ತ ಬಂದು, ಇತ್ತೀಚಿನ ವರ್ಷಗಳಲ್ಲಿ ಸುಮಾರು 6 ಲಕ್ಷ ಹೆಕ್ಟೇರ್‌ಗಳ ಆಸುಪಾಸಿನಲ್ಲಿದೆ. ಬೆಳೆದ ಬಾರ್ಲಿಯಲ್ಲಿ ಹೆಚ್ಚಿನ ಪಾಲು ಪಶು ಆಹಾರಕ್ಕೂ ಮನೆಬಳಕೆಗೂ ಹೋಗುತ್ತದೆ. ಸುಮಾರು ಕಾಲು ಭಾಗದಷ್ಟು ಮಾತ್ರ ಮಾಲ್ಟ್ ತಯಾರಿಕೆಗೆ ದೊರೆಯುತ್ತದೆ.

ಆಮದಿನ ಅಗತ್ಯಕ್ಕೆ ಎರಡು ಮುಖ್ಯ ಕಾರಣಗಳಿವೆ.

ಮೊದಲನೆಯದು ಕಾಳಿನ ಗುಣಮಟ್ಟ. ಮಾಲ್ಟ್‌ಗೆ ಬಳಸುವ ಬಾರ್ಲಿಯ ಕಾಳು ದಪ್ಪವಾಗಿಯೂ ಒಂದೇ ಸಮನಾಗಿಯೂ ಇರಬೇಕು. ಪ್ರೋಟೀನ್ ಅಂಶ ಸಾಮಾನ್ಯವಾಗಿ ಶೇ 9 ರಿಂದ 11.5 ರ ಒಳಗಿರಬೇಕು ಮತ್ತು ಬಹುತೇಕ ಎಲ್ಲ ಕಾಳುಗಳೂ ಮೊಳೆಯಬೇಕು. ನಮ್ಮಲ್ಲಿ ಹಿಂದಿನಿಂದ ಬೆಳೆಯುತ್ತಿದ್ದುದು ಹೆಚ್ಚಾಗಿ ಆರು ಸಾಲಿನ ತೆನೆಯ ಬಾರ್ಲಿ. ಎರಡು ಸಾಲಿನ ತೆನೆಯ ಬಾರ್ಲಿಯ ಕಾಳು ಹೆಚ್ಚು ದಪ್ಪವೂ ಸಮನೂ ಆಗಿರುತ್ತದೆ. ಕರ್ನಾಲ್‌ನಲ್ಲಿರುವ ಭಾರತೀಯ ಗೋಧಿ ಮತ್ತು ಬಾರ್ಲಿ ಸಂಶೋಧನಾ ಸಂಸ್ಥೆಯು ಡಿಡಬ್ಲ್ಯುಆರ್‌ಬಿ 101, ಡಿಡಬ್ಲ್ಯುಆರ್‌ಬಿ 123 ಮುಂತಾದ ಎರಡು ಸಾಲಿನ ಮಾಲ್ಟ್ ತಳಿಗಳನ್ನು ಅಭಿವೃದ್ಧಿಪಡಿಸಿದೆ. ಆದರೂ ಕಾಳು ತುಂಬುವ ಮಾರ್ಚ್ ತಿಂಗಳಲ್ಲಿ ಬಿಸಿಲು ಏರಿದರೆ ಕಾಳು ಜೊಳ್ಳಾಗುತ್ತದೆ, ಪ್ರೋಟೀನ್ ಅಂಶ ಹೆಚ್ಚುತ್ತದೆ. ಅಂತಹ ವರ್ಷಗಳಲ್ಲಿ ಮಾಲ್ಟ್ ತಯಾರಕರು ಹೊರದೇಶದ ಬಾರ್ಲಿಯತ್ತ ನೋಡುತ್ತಾರೆ.

ಎರಡನೆಯದು ವಿಶೇಷ ಮಾಲ್ಟ್‌ಗಳ ಬೇಡಿಕೆ. ಬಣ್ಣ, ಪರಿಮಳ ಮತ್ತು ರುಚಿಗಾಗಿ ಬಳಸುವ ಹುರಿದ ಮಾಲ್ಟ್, ಕ್ಯಾರಮೆಲ್ ಮಾಲ್ಟ್, ಗೋಧಿ ಮಾಲ್ಟ್ ಹಾಗೂ ಪೀಟ್ ಎಂಬ ಜೌಗುಮಣ್ಣಿನ ಹೊಗೆಯಾಡಿಸಿದ ಮಾಲ್ಟ್ ಈ ವರ್ಗಕ್ಕೆ ಸೇರುತ್ತವೆ. ಇವುಗಳ ಪ್ರಮಾಣ ಕಡಿಮೆ, ಬೆಲೆ ಹೆಚ್ಚು. ಸಣ್ಣ ಆಮದುದಾರರು ಸಾಮಾನ್ಯವಾಗಿ ಅರ್ಜಿ ಸಲ್ಲಿಸುವುದು ಈ ಸರಕುಗಳಿಗಾಗಿಯೇ. 2010 ರ ಸುಮಾರಿಗೆ ಬೆಂಗಳೂರಿನಲ್ಲಿ ಕಿರು ಬ್ರೂವರಿಗಳು ಆರಂಭವಾದ ನಂತರ ನಮ್ಮ ರಾಜ್ಯದಲ್ಲಿ ಇವುಗಳ ಬೇಡಿಕೆ ಹೆಚ್ಚಿತು. ಬೆಂಗಳೂರಿನ ಅಮೃತ್ ಡಿಸ್ಟಿಲರಿಯು 2004 ರಲ್ಲಿ ಸ್ಕಾಟ್‌ಲೆಂಡಿನ ಗ್ಲ್ಯಾಸ್ಗೋ ನಗರದಲ್ಲಿ ತನ್ನ ಸಿಂಗಲ್ ಮಾಲ್ಟ್ ವಿಸ್ಕಿಯನ್ನು ಬಿಡುಗಡೆ ಮಾಡಿತು. ನಂತರ 2009 ರಲ್ಲಿ ಬಂದ ಅದರ ಫ್ಯೂಷನ್ ವಿಸ್ಕಿಯಲ್ಲಿ ಭಾರತದ ಬಾರ್ಲಿಯ ಜೊತೆಗೆ ಸ್ಕಾಟ್‌ಲೆಂಡಿನ ಪೀಟ್ ಹೊಗೆಯ ಬಾರ್ಲಿಯನ್ನೂ ಬಳಸಲಾಗಿದೆ. ದೇಶೀಯ ಧಾನ್ಯ ಮತ್ತು ಆಮದು ಧಾನ್ಯ ಒಂದಕ್ಕೊಂದು ಪೂರಕವಾಗಬಹುದು ಎಂಬುದಕ್ಕೆ ಇದು ನಿದರ್ಶನ.

4. ಇತ್ತೀಚಿನ ವರ್ಷಗಳ ಪ್ರವೃತ್ತಿಗಳು

ಮಾಲ್ಟ್ ಮತ್ತು ಬಾರ್ಲಿ ವ್ಯಾಪಾರದ ದಿಕ್ಕನ್ನು ಬದಲಿಸಿದ ಪ್ರಮುಖ ಘಟನೆಗಳು ಈ ಕೆಳಕಂಡಂತಿವೆ:

(1) 2020 ರ ಮೇ ತಿಂಗಳಲ್ಲಿ ಚೀನಾ ದೇಶವು ಆಸ್ಟ್ರೇಲಿಯಾದ ಬಾರ್ಲಿಯ ಮೇಲೆ ಒಟ್ಟು ಶೇ 80.5 ರಷ್ಟು ಸುಂಕ ವಿಧಿಸಿತು. ಆಸ್ಟ್ರೇಲಿಯಾ ತನ್ನ ಬಾರ್ಲಿಗೆ ಇತರ ಮಾರುಕಟ್ಟೆಗಳನ್ನು ಹುಡುಕಬೇಕಾಯಿತು. ಚೀನಾ ಈ ಸುಂಕವನ್ನು 2023 ರ ಆಗಸ್ಟ್‌ನಲ್ಲಿ ಹಿಂತೆಗೆದುಕೊಂಡಿತು.

(2) ಆಸ್ಟ್ರೇಲಿಯಾದ ಬಾರ್ಲಿಗೆ ಮೀಥೈಲ್ ಬ್ರೋಮೈಡ್ ಧೂಮೀಕರಣದ ಬದಲಿಗೆ ಫಾಸ್ಫೀನ್ ಧೂಮೀಕರಣವನ್ನೂ 2020 ರಲ್ಲಿ ಭಾರತ ಒಪ್ಪಿಕೊಂಡಿತು. ಮೀಥೈಲ್ ಬ್ರೋಮೈಡ್ ಕಾಳಿನ ಮೊಳೆಯುವ ಶಕ್ತಿಗೆ ಧಕ್ಕೆ ತರಬಲ್ಲದು. ಮೊಳೆಯದ ಬಾರ್ಲಿಯಿಂದ ಮಾಲ್ಟ್ ಆಗದು.

(3) 2020–21 ರಲ್ಲಿ ಕೋವಿಡ್ ಕಾರಣದಿಂದ ವಿಶ್ವದಾದ್ಯಂತ ಖಾಲಿ ಕಂಟೈನರ್‌ಗಳ ಕೊರತೆ ಉಂಟಾಗಿ ಸಾಗಣೆ ದರಗಳು ಏರಿದವು. 2021 ರ ಮಾರ್ಚ್‌ನಲ್ಲಿ ಎವರ್ ಗಿವನ್ ಎಂಬ ಹಡಗು ಸೂಯೆಜ್ ಕಾಲುವೆಯಲ್ಲಿ ಅಡ್ಡಲಾಗಿ ಸಿಲುಕಿ ಆರು ದಿನಗಳ ಕಾಲ ಸಂಚಾರ ನಿಂತಿತು.

(4) 2022 ರ ಫೆಬ್ರವರಿಯಲ್ಲಿ ರಷ್ಯಾ–ಯುಕ್ರೇನ್ ಯುದ್ಧ ಆರಂಭವಾಯಿತು. ಎರಡೂ ದೇಶಗಳು ಬಾರ್ಲಿಯ ದೊಡ್ಡ ರಫ್ತುದಾರ ರಾಷ್ಟ್ರಗಳಾದುದರಿಂದ ವಿಶ್ವ ಮಾರುಕಟ್ಟೆಯಲ್ಲಿ ಬೆಲೆ ಏರಿತು. ಅದೇ ವರ್ಷದ ಮಾರ್ಚ್ ತಿಂಗಳು ಭಾರತದಲ್ಲಿ 1901 ರಿಂದೀಚೆಗೆ ದಾಖಲಾದ ಅತ್ಯಂತ ಬಿಸಿಯ ಮಾರ್ಚ್ ಆಗಿತ್ತು. ಹೀಗೆ ಹೊರಗಿನ ಅಭಾವವೂ ಒಳಗಿನ ಬಿಸಿಲೂ ಒಂದೇ ಹಂಗಾಮಿನಲ್ಲಿ ಕೂಡಿಬಂದವು.

(5) 2023 ರ ನವೆಂಬರ್ ನಂತರ ಕೆಂಪು ಸಮುದ್ರದಲ್ಲಿ ವಾಣಿಜ್ಯ ಹಡಗುಗಳ ಮೇಲೆ ದಾಳಿಗಳಾದ ಕಾರಣ, ಯೂರೋಪು ಮತ್ತು ಏಷ್ಯಾ ನಡುವಿನ ಪ್ರಮುಖ ಕಂಟೈನರ್ ಹಡಗುಗಳು ಆಫ್ರಿಕಾದ ದಕ್ಷಿಣ ಭಾಗದಲ್ಲಿರುವ ಗುಡ್ ಹೋಪ್ ಭೂಶಿರವನ್ನು ಸುತ್ತಿ ಸಾಗತೊಡಗಿದವು.

(6) 2023 ರ ನವೆಂಬರ್‌ನಲ್ಲಿ ಫ್ರಾನ್ಸಿನ ಸೂಫ್ಲೆ ಮಾಲ್ಟ್ ಸಂಸ್ಥೆಯ ಸಮೂಹವು ಆಸ್ಟ್ರೇಲಿಯಾದ ಯುನೈಟೆಡ್ ಮಾಲ್ಟ್ ಸಂಸ್ಥೆಯನ್ನು ತನ್ನದಾಗಿಸಿಕೊಂಡಿತು. ಇದಕ್ಕೂ ಮುನ್ನ 2019 ರಲ್ಲಿ ಬೆಲ್ಜಿಯಂನ ಬೂರ್ಟ್‌ಮಾಲ್ಟ್ ಸಂಸ್ಥೆಯು ಕಾರ್ಗಿಲ್ ಸಂಸ್ಥೆಯ ಮಾಲ್ಟ್ ವಿಭಾಗವನ್ನು ಖರೀದಿಸಿತ್ತು. ಇದರಿಂದ ವಿಶ್ವದ ಮಾಲ್ಟ್ ಪೂರೈಕೆ ಕೆಲವೇ ದೊಡ್ಡ ಸಂಸ್ಥೆಗಳಲ್ಲಿ ಕೇಂದ್ರೀಕೃತವಾಗಿದೆ. ಒಂದೆರಡು ಕಂಟೈನರ್ ಮಾತ್ರ ಖರೀದಿಸುವ ಸಣ್ಣ ಆಮದುದಾರರಿಗೆ ಬೆಲೆಯ ಬಗ್ಗೆ ಚೌಕಾಸಿ ಮಾಡಲು ಅವಕಾಶ ಕಡಿಮೆ.

ದೇಶೀಯ ಬೆಳೆಗಾರರ ದೃಷ್ಟಿಯಿಂದ ಬಾರ್ಲಿಯ ಕನಿಷ್ಠ ಬೆಂಬಲ ಬೆಲೆಯು 2022–23 ರ ಹಿಂಗಾರು ಮಾರಾಟ ಹಂಗಾಮಿಗೆ ಕ್ವಿಂಟಾಲಿಗೆ ರೂ. 1,635 ಇದ್ದುದು 2026–27 ರ ಹಂಗಾಮಿಗೆ ರೂ. 2,150 ಆಗಿದೆ. ಆಮದು ಮಾಡುವುದೋ ದೇಶೀಯ ಮಾಲ್ಟ್ ಖರೀದಿಸುವುದೋ ಎಂದು ತೀರ್ಮಾನಿಸುವಾಗ ಎರಡೂ ಬೆಲೆಗಳನ್ನು ಹೋಲಿಸಿ ನೋಡುವುದು ಸೂಕ್ತ.

5. ಮೂಲ ದೇಶಗಳು ಮತ್ತು ಸಮುದ್ರ ಮಾರ್ಗಗಳು

(ಅ) ಯೂರೋಪು: ಮಾಲ್ಟ್ ರಫ್ತಿನಲ್ಲಿ ಯೂರೋಪಿಯನ್ ಒಕ್ಕೂಟ ವಿಶ್ವದಲ್ಲಿ ಮೊದಲ ಸ್ಥಾನದಲ್ಲಿದೆ. ಫ್ರಾನ್ಸ್, ಬೆಲ್ಜಿಯಂ ಮತ್ತು ಜರ್ಮನಿ ಪ್ರಮುಖ ದೇಶಗಳು. ಬೆಲ್ಜಿಯಂನ ಆಂಟ್‌ವರ್ಪ್ ಬಂದರು ಮಾಲ್ಟ್ ರಫ್ತಿಗೆ ಹೆಸರಾಗಿದೆ. ಅಲ್ಲಿಂದ ಹೊರಟ ಮಾಲ್ಟ್ ಬೆಲ್ಜಿಯಂನಲ್ಲಿಯೇ ಬೆಳೆದ ಬಾರ್ಲಿಯದಾಗಿರಬೇಕೆಂದಿಲ್ಲ. ಯೂರೋಪಿನಲ್ಲಿ ಕೊಯ್ಲು ಮುಖ್ಯವಾಗಿ ಜುಲೈ–ಆಗಸ್ಟ್ ತಿಂಗಳುಗಳಲ್ಲಿ ಆಗುತ್ತದೆ. ವಿಶೇಷ ಮಾಲ್ಟ್‌ಗಳು ನಮ್ಮ ದೇಶಕ್ಕೆ ಮುಖ್ಯವಾಗಿ ಜರ್ಮನಿ, ಬೆಲ್ಜಿಯಂ ಮತ್ತು ಬ್ರಿಟನ್‌ಗಳಿಂದ ಬರುತ್ತವೆ.

ಲಂಡನ್‌ನಿಂದ ಮುಂಬಯಿಗೆ ಸೂಯೆಜ್ ಕಾಲುವೆಯ ಮೂಲಕ ಸುಮಾರು 6,300 ನಾಟಿಕಲ್ ಮೈಲಿ ದೂರವಿದೆ. ಗುಡ್ ಹೋಪ್ ಭೂಶಿರವನ್ನು ಸುತ್ತಿ ಬಂದರೆ ಇದು ಸುಮಾರು 10,700 ನಾಟಿಕಲ್ ಮೈಲಿಯಾಗುತ್ತದೆ. ಈ ಸುತ್ತುಮಾರ್ಗದಿಂದ ಸಾಮಾನ್ಯವಾಗಿ ಹತ್ತರಿಂದ ಹದಿನೈದು ದಿನ ಹೆಚ್ಚುವರಿಯಾಗಿ ಬೇಕಾಗುತ್ತದೆ. ತಮ್ಮ ಸರಕು ಯಾವ ಮಾರ್ಗವಾಗಿ ಬರಲಿದೆ ಎಂಬುದನ್ನು ಹಡಗು ಸಂಸ್ಥೆಯಿಂದ ಪ್ರತಿ ಸಲವೂ ಲಿಖಿತವಾಗಿ ಕೇಳಿ ತಿಳಿಯತಕ್ಕದ್ದು.

(ಆ) ಆಸ್ಟ್ರೇಲಿಯಾ: ಇಲ್ಲಿ ಕೊಯ್ಲು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ನಡೆಯುತ್ತದೆ. ಪಶ್ಚಿಮ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್‌ನಿಂದ ಕೊಲಂಬೋಗೆ ಸುಮಾರು 3,100 ನಾಟಿಕಲ್ ಮೈಲಿ ದೂರವಿದ್ದು, ಈ ಮಾರ್ಗವು ಸೂಯೆಜ್ ಕಾಲುವೆಯನ್ನಾಗಲಿ ಕೆಂಪು ಸಮುದ್ರವನ್ನಾಗಲಿ ಅವಲಂಬಿಸಿಲ್ಲ. ನಮ್ಮ ಕೊಯ್ಲಿಗೆ ಮೊದಲಿನ, ದಾಸ್ತಾನು ಇಳಿಯುವ ತಿಂಗಳುಗಳಲ್ಲಿ ಹೊಸ ಬೆಳೆ ದೊರೆಯುವುದು ಇಲ್ಲಿನ ಅನುಕೂಲ.

(ಇ) ಕೆನಡಾ: ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಕೊಯ್ಲಾಗುತ್ತದೆ. ಪಶ್ಚಿಮ ತೀರದ ವ್ಯಾಂಕೂವರ್‌ನಿಂದ ಪೆಸಿಫಿಕ್ ಮಹಾಸಾಗರ ದಾಟಿ ಪೂರ್ವ ಏಷ್ಯಾದ ಬಂದರುಗಳ ಮೂಲಕ ಬರುವ ಮಾರ್ಗವು ಉದ್ದವಾದುದು.

ಹಲವು ಕಂಟೈನರ್‌ಗಳು ನೇರವಾಗಿ ಭಾರತಕ್ಕೆ ಬರುವುದಿಲ್ಲ. ಕೊಲಂಬೋ, ಸಿಂಗಪುರ, ಮಲೇಷ್ಯಾದ ಪೋರ್ಟ್ ಕ್ಲಾಂಗ್ ಅಥವಾ ದುಬೈನ ಜೆಬೆಲ್ ಅಲಿ ಬಂದರಿನಲ್ಲಿ ಒಂದು ಹಡಗಿನಿಂದ ಇನ್ನೊಂದಕ್ಕೆ ವರ್ಗಾವಣೆಯಾಗುತ್ತವೆ. ಕೇರಳದ ವಿಳಿಂಞಂ ಬಂದರು 2025 ರ ಮೇ 2 ರಂದು ಲೋಕಾರ್ಪಣೆಯಾದ ನಂತರ ಇಂತಹ ವರ್ಗಾವಣೆಗೆ ಸ್ವದೇಶದಲ್ಲಿಯೂ ಅವಕಾಶ ಒದಗಿದೆ. ವರ್ಗಾವಣೆಯಾಗುವ ಪ್ರತಿ ಬಂದರಿನಲ್ಲಿಯೂ ಕಾಯುವಿಕೆ ಸಂಭವಿಸಬಹುದು.

ಮಾಲ್ಟ್ ಸುಲಭವಾಗಿ ತೇವ ಹೀರಿಕೊಳ್ಳುತ್ತದೆ. ಶೀತ ದೇಶದಲ್ಲಿ ತುಂಬಿದ ಕಂಟೈನರ್ ಉಷ್ಣವಲಯ ಪ್ರವೇಶಿಸಿದಾಗ ಒಳಗೋಡೆಯಲ್ಲಿ ನೀರಹನಿಗಳು ಮೂಡುವುದುಂಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಬಂದಿಳಿಯುವ ಸರಕಿಗೆ ಒಳಪದರವಿರುವ ಚೀಲ ಮತ್ತು ತೇವ ಹೀರುವ ಪೊಟ್ಟಣಗಳನ್ನು ಬಳಸುವಂತೆ ಮಾರಾಟದ ಕರಾರಿನಲ್ಲಿಯೇ ಷರತ್ತು ವಿಧಿಸುವುದು ಒಳಿತು.

6. ಕರ್ನಾಟಕಕ್ಕೆ ಸರಕು ತಲುಪುವ ಬಗೆ

ಉತ್ತರ ಭಾರತದ ಮಾಲ್ಟ್ ಕಾರ್ಖಾನೆಗಳು ಬಾರ್ಲಿ ಬೆಳೆಯುವ ಪ್ರದೇಶಗಳ ಸಮೀಪದಲ್ಲಿವೆ. ಗುರುಗ್ರಾಮದ ಕಡೆಯಿಂದ ಬೆಂಗಳೂರಿಗೆ ರಸ್ತೆಯ ಮೂಲಕ ಎರಡು ಸಾವಿರ ಕಿಲೋಮೀಟರ್‌ಗೂ ಹೆಚ್ಚು ದೂರವಿದೆ. ಚೆನ್ನೈ ಹಾಗೂ ಮಂಗಳೂರು ಬಂದರುಗಳು ಬೆಂಗಳೂರಿನಿಂದ ತಲಾ ಸುಮಾರು 350 ಕಿಲೋಮೀಟರ್ ದೂರದಲ್ಲಿವೆ. ಮುಂಬಯಿ ಬಳಿಯ ನವಾ ಶೇವಾ ಬಂದರು ಸುಮಾರು 1,000 ಕಿಲೋಮೀಟರ್ ದೂರದಲ್ಲಿದೆ. ಆದ್ದರಿಂದ ದೇಶೀಯ ಮಾಲ್ಟ್‌ಗೂ ಆಮದು ಮಾಲ್ಟ್‌ಗೂ ಕಾರ್ಖಾನೆ ಬಾಗಿಲಿನ ಬೆಲೆಯನ್ನಷ್ಟೇ ನೋಡದೆ ತಮ್ಮ ಗೋದಾಮಿಗೆ ತಲುಪುವ ಬೆಲೆಯನ್ನು ಹೋಲಿಸತಕ್ಕದ್ದು.

ಬೆಂಗಳೂರಿನಲ್ಲಿ 1981 ರಲ್ಲಿ ದೇಶದ ಮೊದಲ ಒಳನಾಡು ಕಂಟೈನರ್ ಡಿಪೋ ಆರಂಭವಾಯಿತು. ವೈಟ್‌ಫೀಲ್ಡ್‌ನಲ್ಲಿರುವ ಡಿಪೋಗೆ ಬಂದರಿನಿಂದ ಕಂಟೈನರ್‌ಗಳನ್ನು ರೈಲಿನ ಮೂಲಕ ತರಿಸಿ, ಸೀಮಾಸುಂಕದ ವಿಧಿವಿಧಾನಗಳನ್ನು ಇಲ್ಲಿಯೇ ಪೂರೈಸಬಹುದು. ಇದಕ್ಕಾಗಿ ಬಿಲ್ ಆಫ್ ಲೇಡಿಂಗ್‌ನಲ್ಲಿ ಅಂತಿಮ ತಲುಪುದಾಣವನ್ನು ಬೆಂಗಳೂರಿನ ಡಿಪೋ ಎಂದು ನಮೂದಿಸಿರತಕ್ಕದ್ದು. ಬಂದರಿನ ಹೆಸರು ಮಾತ್ರ ನಮೂದಾಗಿದ್ದಲ್ಲಿ ಸರಕು ಬಂದರಿನಲ್ಲಿಯೇ ಉಳಿಯುತ್ತದೆ ಮತ್ತು ತಿದ್ದುಪಡಿಗೆ ಸಮಯ ಹಿಡಿಯುತ್ತದೆ.

7. ಸುಂಕದ ಲೆಕ್ಕಾಚಾರ

ಸೀಮಾಸುಂಕವನ್ನು ಸರಕಿನ ಬೆಲೆಯ ಮೇಲೆ ಮಾತ್ರವಲ್ಲದೆ ಸಾಗಣೆ ವೆಚ್ಚ ಮತ್ತು ವಿಮೆಯನ್ನು ಸೇರಿಸಿದ ಮೌಲ್ಯದ ಮೇಲೆ ಲೆಕ್ಕ ಹಾಕಲಾಗುತ್ತದೆ. ಆದಕಾರಣ ಸಮುದ್ರ ಮಾರ್ಗ ಉದ್ದವಾಗಿ ಬಾಡಿಗೆ ಏರಿದರೆ ಸುಂಕವೂ ಏರುತ್ತದೆ. ಕೆಳಗಿನ ಲೆಕ್ಕವು ತಿಳಿವಳಿಕೆಗಾಗಿ ನೀಡಿದ ಕಾಲ್ಪನಿಕ ಉದಾಹರಣೆಯಾಗಿದೆ. ಇದರಲ್ಲಿ ಮೂಲ ಸೀಮಾಸುಂಕ ಶೇ 30 ಎಂದೂ, ಸಮಾಜ ಕಲ್ಯಾಣ ಅಧಿಭಾರವು ಆ ಸುಂಕದ ಶೇ 10 ಎಂದೂ ಭಾವಿಸಲಾಗಿದೆ.

ಮೊದಲನೇ ಸಂದರ್ಭ:
ಸರಕಿನ ಬೆಲೆ – ರೂ. 9,00,000
ಸಾಗಣೆ ವೆಚ್ಚ – ರೂ. 1,00,000
ವಿಮೆ – ರೂ. 10,000
ಒಟ್ಟು ಮೌಲ್ಯ – ರೂ. 10,10,000
ಮೂಲ ಸೀಮಾಸುಂಕ – ರೂ. 3,03,000
ಅಧಿಭಾರ – ರೂ. 30,300
ಒಟ್ಟು ಸುಂಕ – ರೂ. 3,33,300

ಎರಡನೇ ಸಂದರ್ಭ (ಸಾಗಣೆ ವೆಚ್ಚ ರೂ. 3,00,000 ಆದಾಗ):
ಒಟ್ಟು ಮೌಲ್ಯ – ರೂ. 12,10,000
ಮೂಲ ಸೀಮಾಸುಂಕ – ರೂ. 3,63,000
ಅಧಿಭಾರ – ರೂ. 36,300
ಒಟ್ಟು ಸುಂಕ – ರೂ. 3,99,300

ಅಂದರೆ ಸಾಗಣೆ ವೆಚ್ಚ ರೂ. 2,00,000 ಹೆಚ್ಚಿದರೆ ಆಮದುದಾರರ ಮೇಲಿನ ಹೊರೆ ರೂ. 2,66,000 ಹೆಚ್ಚುತ್ತದೆ. ಇದರ ಮೇಲೆ ಸಮಗ್ರ ಸರಕು ಮತ್ತು ಸೇವಾ ತೆರಿಗೆ ಪ್ರತ್ಯೇಕವಾಗಿ ಅನ್ವಯಿಸುತ್ತದೆ. ತೆರಿಗೆಗೆ ಒಳಪಟ್ಟ ಬಿಸ್ಕತ್ತು ಅಥವಾ ಪಾನೀಯದ ಪುಡಿ ತಯಾರಿಸುವ ನೋಂದಾಯಿತ ಉದ್ಯಮಿಗಳು ಈ ತೆರಿಗೆಯನ್ನು ನಿಯಮಾನುಸಾರ ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಬಹುದು. ಆದರೆ ಮಾನವ ಬಳಕೆಯ ಮದ್ಯವು ಸರಕು ಮತ್ತು ಸೇವಾ ತೆರಿಗೆಯ ವ್ಯಾಪ್ತಿಯಿಂದ ಹೊರಗಿದೆ. ಆದ್ದರಿಂದ ಬಿಯರ್ ಅಥವಾ ವಿಸ್ಕಿ ತಯಾರಿಕೆಗೆ ಬಳಸುವ ಮಾಲ್ಟ್ ಮೇಲೆ ತೆತ್ತ ಈ ತೆರಿಗೆಗೆ ಜಮೆ ದೊರೆಯುವುದಿಲ್ಲ. ಅದು ನೇರವಾಗಿ ವೆಚ್ಚಕ್ಕೆ ಸೇರುತ್ತದೆ. ಹೊಸ ಅರ್ಜಿದಾರರ ಯೋಜನಾ ವರದಿಗಳಲ್ಲಿ ಈ ಅಂಶವನ್ನು ತಪ್ಪದೇ ತೋರಿಸತಕ್ಕದ್ದು.

ಅನ್ವಯವಾಗುವ ಸುಂಕದ ದರವು ಖರೀದಿ ಕರಾರಿನ ದಿನದ ದರವಲ್ಲ. ಸೀಮಾಸುಂಕ ಅಧಿನಿಯಮ, 1962 ರ ಪ್ರಕರಣ 15 ರ ಪ್ರಕಾರ, ನೇರ ಬಳಕೆಗಾಗಿ ಬಿಡಿಸಿಕೊಳ್ಳುವ ಸರಕಿಗೆ ಬಿಲ್ ಆಫ್ ಎಂಟ್ರಿ ಸಲ್ಲಿಸಿದ ದಿನದ ದರ ಅನ್ವಯಿಸುತ್ತದೆ. ಹಡಗು ಬರುವ ಮುನ್ನವೇ ಸಲ್ಲಿಸಿದ್ದಲ್ಲಿ ಹಡಗಿಗೆ ಒಳಪ್ರವೇಶ ನೀಡಿದ ದಿನದ ದರ ಅನ್ವಯಿಸುತ್ತದೆ.

ವ್ಯಾಪಾರ ಒಪ್ಪಂದಗಳ ಅಡಿಯಲ್ಲಿ ರಿಯಾಯಿತಿ ಕೋರುವವರು ಒಪ್ಪಂದಕ್ಕೆ ಸಹಿಯಾದ ದಿನಾಂಕ ಬೇರೆ, ಜಾರಿಗೆ ಬಂದ ದಿನಾಂಕ ಬೇರೆ ಎಂಬುದನ್ನು ಗಮನಿಸಬೇಕು. ಉದಾಹರಣೆಗೆ, ಭಾರತ–ಆಸ್ಟ್ರೇಲಿಯಾ ಆರ್ಥಿಕ ಸಹಕಾರ ಮತ್ತು ವ್ಯಾಪಾರ ಒಪ್ಪಂದಕ್ಕೆ 2022 ರ ಏಪ್ರಿಲ್ 2 ರಂದು ಸಹಿಯಾಗಿ, ಅದು ಜಾರಿಗೆ ಬಂದದ್ದು 2022 ರ ಡಿಸೆಂಬರ್ 29 ರಂದು. ತಮ್ಮ ಸರಕಿನ ಶೀರ್ಷಿಕೆಯು ಒಪ್ಪಂದದ ಪಟ್ಟಿಯಲ್ಲಿದೆಯೇ ಎಂದು ಪರಿಶೀಲಿಸತಕ್ಕದ್ದು. 2020 ರ ಸೆಪ್ಟೆಂಬರ್ 21 ರಿಂದ ಜಾರಿಯಲ್ಲಿರುವ ನಿಯಮಗಳ ಪ್ರಕಾರ ಸರಕಿನ ಮೂಲದ ಬಗ್ಗೆ ಪೂರ್ಣ ವಿವರಗಳನ್ನು ಆಮದುದಾರರೇ ಹೊಂದಿರಬೇಕು. ಸರಕು ಮಧ್ಯದ ಬಂದರಿನಲ್ಲಿ ಹಡಗು ಬದಲಿಸಿದ್ದಲ್ಲಿ, ಆರಂಭದಿಂದ ಕೊನೆಯವರೆಗಿನ ಪ್ರಯಾಣವನ್ನು ತೋರಿಸುವ ಬಿಲ್ ಆಫ್ ಲೇಡಿಂಗ್ ಇಲ್ಲದಿದ್ದರೆ ರಿಯಾಯಿತಿ ಕೈತಪ್ಪಬಹುದು.

8. ಪಡೆಯಬೇಕಾದ ನೋಂದಣಿ ಮತ್ತು ಅನುಮತಿಗಳು

(ಅ) ಆಮದು–ರಫ್ತು ಸಂಕೇತ ಸಂಖ್ಯೆ (ಐಇಸಿ): ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಜಾಲತಾಣದಲ್ಲಿ ಆನ್‌ಲೈನ್ ಮೂಲಕ ಅರ್ಜಿ ಸಲ್ಲಿಸತಕ್ಕದ್ದು. ಅರ್ಜಿ ಶುಲ್ಕ ರೂ. 500. ಪ್ಯಾನ್, ವಿಳಾಸದ ದಾಖಲೆ ಹಾಗೂ ಬ್ಯಾಂಕ್ ಖಾತೆಯ ದಾಖಲೆ ಅಗತ್ಯ. ಬದಲಾವಣೆ ಇರಲಿ, ಇಲ್ಲದಿರಲಿ, ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ವಿವರಗಳನ್ನು ಆನ್‌ಲೈನ್‌ನಲ್ಲಿ ದೃಢೀಕರಿಸಬೇಕು. ತಪ್ಪಿದಲ್ಲಿ ಸಂಕೇತ ಸಂಖ್ಯೆ ನಿಷ್ಕ್ರಿಯವಾಗುತ್ತದೆ.

(ಆ) ಆಹಾರ ಸುರಕ್ಷತಾ ಪರವಾನಗಿ: ಆಹಾರ ಪದಾರ್ಥಗಳ ಆಮದುದಾರರು ಭಾರತೀಯ ಆಹಾರ ಸುರಕ್ಷತೆ ಮತ್ತು ಮಾನಕ ಪ್ರಾಧಿಕಾರದ ಕೇಂದ್ರ ಪರವಾನಗಿ ಪಡೆಯತಕ್ಕದ್ದು. 2017 ರ ಆಮದು ವಿನಿಯಮಗಳ ಪ್ರಕಾರ, ಬಿಡುಗಡೆಯ ಸಮಯದಲ್ಲಿ ಪದಾರ್ಥದ ಬಾಳಿಕೆ ಅವಧಿಯಲ್ಲಿ ಶೇ 60 ಅಥವಾ ಮೂರು ತಿಂಗಳು, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟಾದರೂ ಉಳಿದಿರಬೇಕು. ಉದಾಹರಣೆಗೆ 12 ತಿಂಗಳ ಬಾಳಿಕೆಯ ಮಾಲ್ಟ್‌ಗೆ ಕನಿಷ್ಠ ಮೂರು ತಿಂಗಳು ಉಳಿದಿರಬೇಕು. ಪುಡಿ ಮಾಡಿದ ಮಾಲ್ಟ್ ಇಡೀ ಕಾಳಿಗಿಂತ ಬೇಗ ಕೆಡುವುದರಿಂದ ಸುತ್ತುಮಾರ್ಗದ ವಿಳಂಬವನ್ನೂ ಸೇರಿಸಿ ಲೆಕ್ಕ ಹಾಕಬೇಕು.

(ಇ) ಸಸ್ಯ ಸಂಗರೋಧ: ಬಾರ್ಲಿ ಕಾಳು ಬಿತ್ತಿದರೆ ಮೊಳೆಯುವ ಜೀವಂತ ಕಾಳು. ಆದ್ದರಿಂದ 2003 ರ ಸಸ್ಯ ಸಂಗರೋಧ (ಭಾರತಕ್ಕೆ ಆಮದು ನಿಯಂತ್ರಣ) ಆದೇಶದ ಅಡಿಯಲ್ಲಿ ಆಮದು ಅನುಮತಿ ಪತ್ರ, ರಫ್ತು ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಹಾಗೂ ನಿಗದಿತ ಧೂಮೀಕರಣದ ದಾಖಲೆ ಬೇಕಾಗುತ್ತವೆ. ಅಧಿಸೂಚಿತ ಪ್ರವೇಶ ಸ್ಥಳಗಳ ಮೂಲಕ ಮಾತ್ರ ತರತಕ್ಕದ್ದು. ಮಾಲ್ಟ್ ಸಂಸ್ಕರಿತ ಪದಾರ್ಥವಾದರೂ ಅದರಲ್ಲಿ ಹಸಿ ಕಾಳು, ಮಣ್ಣು, ಕಳೆಬೀಜ ಅಥವಾ ಜೀವಂತ ಹುಳು ಕಂಡುಬಂದಲ್ಲಿ ಸರಕು ತಡೆಹಿಡಿಯಲ್ಪಡಬಹುದು. ಸರಕು ಹೊರಡುವ ಮುನ್ನವೇ ಪ್ರವೇಶ ಸ್ಥಳದ ಸಸ್ಯ ಸಂಗರೋಧ ಕಛೇರಿಯಿಂದ ಲಿಖಿತ ಸ್ಪಷ್ಟೀಕರಣ ಪಡೆಯುವುದು ಸುರಕ್ಷಿತ.

(ಈ) ಬಿಲ್ ಆಫ್ ಎಂಟ್ರಿ: ಸಾಮಾನ್ಯವಾಗಿ ಹಡಗು ಬರುವ ಹಿಂದಿನ ದಿನದ ಅಂತ್ಯದೊಳಗೆ ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ತಡವಾದಲ್ಲಿ ಮೊದಲ ಮೂರು ದಿನಗಳಿಗೆ ದಿನಕ್ಕೆ ರೂ. 5,000 ಹಾಗೂ ನಂತರ ದಿನಕ್ಕೆ ರೂ. 10,000 ವಿಳಂಬ ಶುಲ್ಕ ವಿಧಿಸಲು ಅವಕಾಶವಿದೆ.

(ಉ) ಅಬಕಾರಿ ಸನ್ನದು: ಮಾಲ್ಟ್ ಸ್ವತಃ ಮಾದಕ ಪದಾರ್ಥವಲ್ಲ. ಆದರೆ ಅದರಿಂದ ಬಿಯರ್ ಅಥವಾ ಮದ್ಯ ತಯಾರಿಸಲು ಕರ್ನಾಟಕ ಅಬಕಾರಿ ಅಧಿನಿಯಮ, 1965 ರ ಅಡಿಯಲ್ಲಿ ಸನ್ನದು ಕಡ್ಡಾಯ. ಆಮದು ದಾಖಲೆಗಳು ಸನ್ನದಿಗೆ ಬದಲಾಗುವುದಿಲ್ಲ.

9. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಬಾರ್ಲಿ ತರಿಸುವುದು ಸುಲಭವೋ, ಮಾಲ್ಟ್ ತರಿಸುವುದು ಸುಲಭವೋ?
ಉತ್ತರ: ಬಾರ್ಲಿಯಿಂದ ಮಾಲ್ಟ್ ತಯಾರಿಸುವ ಸ್ಥಾವರ ಇರುವವರಿಗೆ ಮಾತ್ರ ಬಾರ್ಲಿ ಆಮದು ಉಪಯುಕ್ತ. ಸಸ್ಯ ಸಂಗರೋಧದ ಷರತ್ತುಗಳೂ ಬಾರ್ಲಿಗೆ ಹೆಚ್ಚು. ಕಡಿಮೆ ಪ್ರಮಾಣದ ಬಳಕೆದಾರರಿಗೆ ಮಾಲ್ಟ್ ಸೂಕ್ತ.

ಪ್ರಶ್ನೆ: ನನ್ನ ಸರಕಿನ ಶೀರ್ಷಿಕೆಯ ಬಗ್ಗೆ ಸಂದೇಹವಿದೆ. ಮುಂಚಿತವಾಗಿ ನಿರ್ಣಯ ಪಡೆಯಬಹುದೇ?
ಉತ್ತರ: ಪಡೆಯಬಹುದು. 2021 ರಿಂದ ನವದೆಹಲಿ ಮತ್ತು ಮುಂಬಯಿಗಳಲ್ಲಿ ಸೀಮಾಸುಂಕ ಮುಂಗಡ ನಿರ್ಣಯ ಪ್ರಾಧಿಕಾರಗಳು ಕಾರ್ಯನಿರ್ವಹಿಸುತ್ತಿವೆ. ವರ್ಗೀಕರಣದ ಬಗ್ಗೆ ಆಮದಿಗೆ ಮುನ್ನವೇ ಅರ್ಜಿ ಸಲ್ಲಿಸಬಹುದು.

ಪ್ರಶ್ನೆ: ಸುಂಕ ಪಾವತಿಸಲು ಹಣ ಹೊಂದಿಸಿಕೊಳ್ಳಲು ಸಮಯ ಬೇಕಾದರೆ ಏನು ಮಾಡಬೇಕು?
ಉತ್ತರ: ಸರಕನ್ನು ಸೀಮಾಸುಂಕ ಬಾಂಡ್ ಗೋದಾಮಿಗೆ ಸಾಗಿಸಿ, ಬೇಕಾದಷ್ಟನ್ನು ಸುಂಕ ತೆತ್ತು ಬಿಡಿಸಿಕೊಳ್ಳಬಹುದು. 90 ದಿನ ಮೀರಿದಲ್ಲಿ ಸುಂಕದ ಮೇಲೆ ಬಡ್ಡಿ ಅನ್ವಯಿಸುತ್ತದೆ. ಗೋದಾಮಿನಿಂದ ಬಿಡಿಸಲು ಬಿಲ್ ಆಫ್ ಎಂಟ್ರಿ ಸಲ್ಲಿಸಿದ ದಿನದ ಸುಂಕದ ದರವೇ ಅನ್ವಯವಾಗುತ್ತದೆ.

ಪ್ರಶ್ನೆ: ಸರಕನ್ನು ಬಿಡಿಸಿಕೊಳ್ಳದೆ ಬಿಟ್ಟರೆ ಏನಾಗುತ್ತದೆ?
ಉತ್ತರ: ಇಳಿಸಿದ ದಿನದಿಂದ 30 ದಿನಗಳೊಳಗೆ ಬಿಡಿಸಿಕೊಳ್ಳದ ಅಥವಾ ಗೋದಾಮಿಗೆ ಸಾಗಿಸದ ಸರಕನ್ನು, ಸೂಚನೆ ನೀಡಿ ಸೀಮಾಸುಂಕ ಅಧಿಕಾರಿಯ ಅನುಮತಿಯೊಂದಿಗೆ ಮಾರಾಟ ಮಾಡಲು ಕಾನೂನಿನಲ್ಲಿ ಅವಕಾಶವಿದೆ.

10. ಅರ್ಜಿದಾರರ ಗಮನಕ್ಕೆ

ಮುಂಗಡ ಹಣ ಪಾವತಿಸುವ ಮುನ್ನ ಈ ಐದು ವಿಷಯಗಳನ್ನು ಖಚಿತಪಡಿಸಿಕೊಳ್ಳತಕ್ಕದ್ದು: ಸರಕಿನ ಸರಿಯಾದ ಶೀರ್ಷಿಕೆ; ಮೂಲ ದೇಶ ಮತ್ತು ಅಲ್ಲಿನ ಪ್ರಮಾಣಪತ್ರಗಳು; ಹಡಗಿನ ಮಾರ್ಗ ಮತ್ತು ವರ್ಗಾವಣೆಯ ಬಂದರು; ಸರಕು ತಲುಪುವ ದಿನಕ್ಕೆ ಉಳಿಯುವ ಬಾಳಿಕೆ ಅವಧಿ; ಏರಿದ ಸಾಗಣೆ ವೆಚ್ಚವನ್ನೂ ಸೇರಿಸಿದ ಸುಂಕದ ಲೆಕ್ಕ. ದೇಶೀಯ ಮಾಲ್ಟ್ ತಮ್ಮ ಅಗತ್ಯಕ್ಕೆ ಸಾಕಾಗುವಂತಿದ್ದಲ್ಲಿ ಅದರ ಬೆಲೆಯನ್ನೂ ಒಮ್ಮೆ ವಿಚಾರಿಸುವುದು ಒಳಿತು.

ಈ ಪುಟವು ಸಾರ್ವಜನಿಕರ ಮಾಹಿತಿಗಾಗಿ ಮಾತ್ರ. ಸುಂಕದ ದರಗಳು, ಶುಲ್ಕಗಳು ಮತ್ತು ಅಧಿಸೂಚನೆಗಳು ಕಾಲಕಾಲಕ್ಕೆ ಬದಲಾಗುತ್ತವೆ. ಪ್ರಕರಣ 15 ರ ಪ್ರಕಾರ ಅನ್ವಯವಾಗುವ ದಿನ ಜಾರಿಯಲ್ಲಿರುವ ಅಧಿಸೂಚನೆಯೇ ಅಂತಿಮವಾಗಿರುತ್ತದೆ.